ಊರ ಹುಡುಗರ ಬ್ಯಾಂಡು ನೌಕಾಪಡೆಗೆ ಇಡಿಯಾಗಿ ಸೇರಿದ್ದು ಹೇಗೆ?

ಪ್ರಶ್ನೆ: ನಮ್ಮ ಊರಿನಲ್ಲಿ 10ರಿಂದ 15 ವರ್ಷದ ಸುಮಾರು ಇಪ್ಪತ್ತು ಮಕ್ಕಳನ್ನು ಸೇರಿಸಿ ಒಂದು ಬ್ಯಾಂಡ್ ಕಟ್ಟಲು ಕೆಲವರು ಹೊರಟಿದ್ದೇವೆ. ಶಾಲೆಯ ಬೆಂಬಲ ಇಲ್ಲ, ದುಡ್ಡೂ ಅಷ್ಟಕ್ಕಷ್ಟೆ. ವೆಸ್ಟ್ ಇಂಡೀಸಿನ ಕಡೆ ಬೂಟು ಹೊಲಿಯುವ ಕಸುಬಿನ ಯುವಕರೊಬ್ಬರು ಊರ ಹುಡುಗರ ಬ್ಯಾಂಡ್ ಕಟ್ಟಿದರಂತೆ, ಅಮೆರಿಕದ ನೌಕಾಪಡೆ ಅದನ್ನು ಇಡಿಯಾಗಿ ಸೇರಿಸಿಕೊಂಡಿತಂತೆ. ಅವರು ಯಾರು? ಅದು ಹೇಗೆ ಸಾಧ್ಯವಾಯಿತು? ಅವರ ಕೆಲಸದಲ್ಲಿ ನಮ್ಮಂಥವರಿಗೆ ಉಪಯೋಗಕ್ಕೆ ಬರುವುದು ಏನಾದರೂ ಇದೆಯೇ?

ಉತ್ತರ: ನೀವು ಕೇಳಿದ್ದು ನಿಜ. ಅವರ ಹೆಸರು ಆಲ್ಟನ್ ಅಗಸ್ಟಸ್ ಆಡಮ್ಸ್. 1889ರ ನವೆಂಬರ್ 4ರಂದು ಸೇಂಟ್ ಥಾಮಸ್ ದ್ವೀಪದ ಶಾರ್ಲಟ್ ಅಮಾಲಿಯದಲ್ಲಿ ಹುಟ್ಟಿ, 98 ವರ್ಷ ಬಾಳಿ, 1987ರ ನವೆಂಬರ್‌ನಲ್ಲಿ ತೀರಿಕೊಂಡರು. 1910ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿ ‘ಆಡಮ್ಸ್ ಜುವೆನೈಲ್ ಬ್ಯಾಂಡ್’ ಕಟ್ಟಿದರು. 1917ರ ಜೂನ್ 2ರಂದು ಆ ಬ್ಯಾಂಡು ಬ್ಯಾಂಡಾಗಿಯೇ ಅಮೆರಿಕದ ನೌಕಾಪಡೆಗೆ ಸೇರಿತು, 27 ವರ್ಷದ ಆಡಮ್ಸ್ ನೌಕಾಪಡೆಯ ಮೊದಲ ಕಪ್ಪು ಬ್ಯಾಂಡ್‌ಮಾಸ್ಟರ್ ಆದರು.

ಇದನ್ನು ಅದೃಷ್ಟದ ಕಥೆಯಾಗಿ ಹೇಳುವ ರೂಢಿ ಇದೆ. ಅದೃಷ್ಟ ಇತ್ತು, ಇಲ್ಲವೆನ್ನಲಾಗದು. ಆದರೆ ಅದು ಬಂದು ಬಾಗಿಲು ತಟ್ಟಿದಾಗ ಒಳಗೆ ಏಳು ವರ್ಷದ ಕೆಲಸ ತಯಾರಾಗಿ ಕೂತಿತ್ತು. ಬ್ಯಾಂಡ್ ಕಟ್ಟುವವರು ನೋಡಬೇಕಾದ್ದು ಆ ಏಳು ವರ್ಷಗಳನ್ನು.

ಮೊದಲು ಊರನ್ನು ಅರ್ಥ ಮಾಡಿಕೊಳ್ಳಿ. ವೆಸ್ಟ್ ಇಂಡೀಸ್ ಎಂದೊಡನೆ ನಮಗೆ ಕ್ರಿಕೆಟ್ ನೆನಪಾಗುತ್ತದೆ, ಬ್ರಿಟಿಷರು ಆಳಿದ ದ್ವೀಪಗಳು ಕಣ್ಣೆದುರು ಬರುತ್ತವೆ. ಸೇಂಟ್ ಥಾಮಸ್, ಸೇಂಟ್ ಜಾನ್, ಸೇಂಟ್ ಕ್ರೋಯಿ ಎಂಬ ಈ ಮೂರು ದ್ವೀಪಗಳು (ಇಂದಿನ ಅಮೆರಿಕದ ವರ್ಜಿನ್ ಐಲೆಂಡ್ಸ್) ಆಗ ಡೆನ್ಮಾರ್ಕಿನವು. (ತಮಿಳುನಾಡಿನ ತರಂಗಂಬಾಡಿಯನ್ನು 1845ರಲ್ಲಿ ಬ್ರಿಟಿಷರಿಗೆ ಮಾರಿದ್ದು ಇದೇ ಡೆನ್ಮಾರ್ಕ್.) ಇಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1848ರಲ್ಲಿ. ಆಡಮ್ಸ್ ಹುಟ್ಟುವ ಹೊತ್ತಿಗೆ ಶಾರ್ಲಟ್ ಅಮಾಲಿಯದಲ್ಲಿ ಬಡಗಿ, ದರ್ಜಿ, ಬೂಟು ಹೊಲಿಯುವವ, ಹೀಗೆ ಕೈಕಸುಬಿನಿಂದ ಬದುಕು ಕಟ್ಟಿಕೊಂಡ ಕಪ್ಪು ಕುಶಲಕರ್ಮಿಗಳ ಒಂದು ವರ್ಗ ಬೆಳೆದಿತ್ತು. ಹಡಗುಗಳು ಕಲ್ಲಿದ್ದಲು ತುಂಬಿಕೊಳ್ಳಲು ನಿಲ್ಲುವ ಬಂದರು ಅದು. ಆಡಮ್ಸ್ ಆ ಕುಶಲಕರ್ಮಿಗಳ ಮನೆಯವರು. ಮರಗೆಲಸ ಕಲಿತರು, ಬೂಟು ಹೊಲಿಯುವುದನ್ನು ಕಲಿತರು. ದುಬಾರಿ ವಾದ್ಯ ಕೊಳ್ಳುವ ಶಕ್ತಿ ಇಲ್ಲದ ಹುಡುಗ ಕೊಳಲು ಮತ್ತು ಪಿಕೊಲೊ ಹಿಡಿದರು, ಊರಿನ ಮುನಿಸಿಪಲ್ ಬ್ಯಾಂಡಿನಲ್ಲಿ ನುಡಿಸಿದರು. ಪಿಕೊಲೊ ಎಂದರೆ ಗೇಣಿಗಿಂತ ತುಸು ಉದ್ದದ, ಮಾಮೂಲಿ ಕೊಳಲಿಗಿಂತ ಒಂದು ಸ್ಥಾಯಿ ಮೇಲೆ ನುಡಿಯುವ ವಾದ್ಯ.

ಹಾರ್ಮನಿ, ಕೌಂಟರ್‌ಪಾಯಿಂಟ್ (ಹಲವು ಸ್ವರ, ಹಲವು ರಾಗಗಳನ್ನು ಒಟ್ಟಿಗೆ ಹೆಣೆಯುವ ವಿದ್ಯೆ) ಕಲಿಸುವವರು ದ್ವೀಪದಲ್ಲಿ ಇರಲಿಲ್ಲ. ಅವರು ಅಂಚೆಯ ಮೂಲಕ ಕಲಿತರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಗೀತ ಪ್ರಾಧ್ಯಾಪಕ ಹ್ಯೂ ಕ್ಲಾರ್ಕ್ ಅವರ ಬಳಿ ಪಾಠಗಳು ಹಡಗಿನಲ್ಲಿ ಹೋಗಿ ತಿದ್ದಿಸಿಕೊಂಡು ಹಡಗಿನಲ್ಲೇ ಮರಳುತ್ತಿದ್ದವು. 1910ರ ದಶಕದ ನಡುವಿನಿಂದ ಬಾಸ್ಟನ್ನಿನ ಬ್ಯಾಂಡ್ ಮಾಸಪತ್ರಿಕೆಯೊಂದಕ್ಕೆ ಲೇಖನಗಳನ್ನೂ ಬರೆಯತೊಡಗಿದರು. ಅಚ್ಚಾದ ಲೇಖನ ಓದುವವರಿಗೆ ಬರೆದವರ ಚರ್ಮದ ಬಣ್ಣ ಕಾಣುವುದಿಲ್ಲ. ಅಂದಿನ ಅಮೆರಿಕದಲ್ಲಿ ಇದು ಸಣ್ಣ ಮಾತಲ್ಲ. ಅಮೆರಿಕದ ಬ್ಯಾಂಡ್ ಲೋಕದಲ್ಲಿ ಅವರ ಹೆಸರು ಅವರಿಗಿಂತ ಮೊದಲೇ ಹೋಗಿ ತಲುಪಿತ್ತು.

ಇನ್ನು ಬ್ಯಾಂಡ್. ಅದೇ ಕಾಲದ ಎರಡು ಮಕ್ಕಳ ಬ್ಯಾಂಡುಗಳ ಪಕ್ಕದಲ್ಲಿಟ್ಟು ನೋಡಿದರೆ ಆಡಮ್ಸ್ ಮಾಡಿದ್ದು ಸ್ಪಷ್ಟವಾಗುತ್ತದೆ. ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ನಿನಲ್ಲಿ ಪಾದ್ರಿ ಜೆಂಕಿನ್ಸ್ ಅವರ ಅನಾಥಾಲಯಕ್ಕೆ 1890ರ ದಶಕದಿಂದಲೇ ಒಂದು ಬ್ಯಾಂಡ್ ಇತ್ತು. ಊರೂರು ತಿರುಗಿ ನುಡಿಸಿ ಅನಾಥಾಲಯಕ್ಕೆ ಹಣ ತರುವುದು ಅದರ ಕೆಲಸ. ನ್ಯೂ ಆರ್ಲಿಯನ್ಸಿನಲ್ಲಿ ತಪ್ಪು ಮಾಡಿದ ಕಪ್ಪು ಹುಡುಗರನ್ನು ಇಡುತ್ತಿದ್ದ ಮನೆಯೊಂದಿತ್ತು, ಅಲ್ಲಿ ಪೀಟರ್ ಡೇವಿಸ್ ಎಂಬವರು ಬ್ಯಾಂಡ್ ಕಲಿಸುತ್ತಿದ್ದರು. 1913ರ ಆರಂಭದಲ್ಲಿ, ಹೊಸವರ್ಷದ ರಾತ್ರಿ ಬೀದಿಯಲ್ಲಿ ಪಿಸ್ತೂಲು ಹಾರಿಸಿದ್ದಕ್ಕಾಗಿ ಅಲ್ಲಿಗೆ ಬಂದ ಹುಡುಗ, ಮುಂದೆ ಜಾಝ್ ಸಂಗೀತದಲ್ಲಿ ಹೆಸರಾದ ಲೂಯಿ ಆರ್ಮ್‌ಸ್ಟ್ರಾಂಗ್. ಡೇವಿಸ್ ಆ ಹುಡುಗನಿಗೆ ಕಾರ್ನೆಟ್ (ಟ್ರಂಪೆಟ್ಟಿನಂಥ ಹಿತ್ತಾಳೆ ವಾದ್ಯ) ಒಂದೇ ಸಲಕ್ಕೆ ಕೊಡಲಿಲ್ಲ. ಮೊದಲು ಕಂಜರ, ಆಮೇಲೆ ಡ್ರಮ್, ಆಲ್ಟೊ ಹಾರ್ನ್ (ನಡುಸ್ಥಾಯಿಯ ಹಿತ್ತಾಳೆ ವಾದ್ಯ), ಬ್ಯೂಗಲ್, ಕೊನೆಗೆ ಕಾರ್ನೆಟ್. ಈ ಕ್ರಮವನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಎರಡು ಬ್ಯಾಂಡುಗಳ ಹಿಂದೆಯೂ ಒಂದು ಕಟ್ಟಡ ಇತ್ತು, ಮಕ್ಕಳು ಅಲ್ಲೇ ಮಲಗಿ ಅಲ್ಲೇ ಏಳುತ್ತಿದ್ದರು. ಆಡಮ್ಸ್ ಅವರ ಹುಡುಗರು ತಮ್ಮ ತಮ್ಮ ಮನೆಗಳಿಂದ ಬರುವವರು, ಬಾ ಎಂದರೆ ಬರಬೇಕಿತ್ತು, ಬಾರದಿದ್ದರೆ ಎಳೆತರುವ ಅಧಿಕಾರ ಯಾರಿಗೂ ಇರಲಿಲ್ಲ. ನಿಮ್ಮ ಪರಿಸ್ಥಿತಿಯೂ ಇದೇ. ಇಂಥ ಬ್ಯಾಂಡ್ ನಿಲ್ಲುವುದು ತಂದೆತಾಯಿಯ ನಂಬಿಕೆಯ ಮೇಲೆ, ಊರ ಮರ್ಯಾದೆಯ ಮೇಲೆ. ಆಡಮ್ಸ್ ಅವರ ದೃಷ್ಟಿಯಲ್ಲಿ ಬ್ಯಾಂಡೆಂದರೆ ಸಂಗೀತದ ಜೊತೆಗೆ ನಡತೆಯ ಶಾಲೆ: ಹೊತ್ತಿಗೆ ಬರುವುದು, ಶುಚಿಯಾದ ಉಡುಪು, ಸಾರ್ವಜನಿಕವಾಗಿ ನಿಲ್ಲುವ ರೀತಿ. ಇಂದಿನ ಕಿವಿಗೆ ಇದು ಸ್ವಲ್ಪ ಬಿಗಿ ಎನ್ನಿಸಬಹುದು. ಕಪ್ಪು ಜನರನ್ನು ಅಶಿಸ್ತಿನವರೆಂದು ಮೊದಲೇ ತೀರ್ಮಾನಿಸಿಟ್ಟಿದ್ದ ಕಾಲದಲ್ಲಿ ಆ ಬಿಗಿಯೇ ಒಂದು ಉತ್ತರವಾಗಿತ್ತು.

1917ರ ಮಾರ್ಚ್ 31ರಂದು ಡೆನ್ಮಾರ್ಕ್ ಎರಡೂವರೆ ಕೋಟಿ ಡಾಲರಿಗೆ ದ್ವೀಪಗಳನ್ನು ಅಮೆರಿಕಕ್ಕೆ ಒಪ್ಪಿಸಿತು. ಮೊದಲ ಮಹಾಯುದ್ಧದ ಹೊತ್ತು. ಜರ್ಮನ್ನರು ಕೆರಿಬಿಯನ್ನಿನಲ್ಲಿ ನೆಲೆ ಹಿಡಿದಾರೆಂಬ ಭಯ ಅಮೆರಿಕಕ್ಕೆ. ಆಡಳಿತ ನೌಕಾಪಡೆಯ ಕೈಗೆ ಬಂತು. ಸುಮಾರು 26,000 ಜನ, ಬಹುಪಾಲು ಕಪ್ಪು ಜನ. ಮೇಲೆ ಬಿಳಿಯ ಅಧಿಕಾರಿಗಳು. ಇಬ್ಬರ ನಡುವೆ ಓಡಾಡುವ, ಇಬ್ಬರೂ ಒಪ್ಪುವ ಏನಾದರೊಂದು ಬೇಕಿತ್ತು. ಊರ ಬ್ಯಾಂಡ್ ಕಣ್ಣೆದುರೇ ಇತ್ತು. ಅಂದಿನ ನೌಕಾಪಡೆಯಲ್ಲಿ ಕಪ್ಪು ನಾವಿಕರಿಗೆ ಸಿಗುತ್ತಿದ್ದುದು ಹೆಚ್ಚಾಗಿ ಊಟ ಬಡಿಸುವ, ಕಲ್ಲಿದ್ದಲು ಹಾಕುವ ಕೆಲಸ. ಅಂಥಲ್ಲಿ ಒಂದು ಕಪ್ಪು ಬ್ಯಾಂಡು ತನ್ನದೇ ನಾಯಕನ ಕೈಕೆಳಗೆ ಸಮವಸ್ತ್ರ ತೊಟ್ಟಿತು. 1910ರಲ್ಲಿ ಹುಡುಗರಾಗಿದ್ದವರು ಅಷ್ಟರಲ್ಲಿ ಯುವಕರಾಗಿದ್ದರು ಎಂಬುದನ್ನೂ ಮರೆಯಬೇಡಿ; ಏಳು ವರ್ಷ ಒಟ್ಟಿಗೇ ಉಳಿದಿದ್ದರು ಎಂಬುದೇ ದೊಡ್ಡ ಸಂಗತಿ. ಮಕ್ಕಳ ಬ್ಯಾಂಡುಗಳು ಸಾಯುವುದು ಸಾಮಾನ್ಯವಾಗಿ ಮೂರನೇ ವರ್ಷ, ಮೊದಲ ತಂಡದ ಹುಡುಗರಿಗೆ ಮೀಸೆ ಮೂಡುವ ಹೊತ್ತಿಗೆ.

ಈಗ ಕೆಲಸದ ಮಾತು. ನೌಕಾಪಡೆ ಇಡಿಯಾಗಿ ತೆಗೆದುಕೊಳ್ಳಬಹುದಾದ ಬ್ಯಾಂಡಿಗೆ ಮೂರು ಗುಣ ಬೇಕು: ಎಲ್ಲರಿಗೂ ನೊಟೇಶನ್ ಓದಲು ಬರಬೇಕು, ವಾದ್ಯಗಳ ಹೊಂದಾಣಿಕೆ ಸರಿ ಇರಬೇಕು, ಶ್ರುತಿ ಒಂದಾಗಿರಬೇಕು. ನಮ್ಮ ಕಡೆ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನವರು ಹೆಚ್ಚಿನವರು ಕೇಳಿ ಕಲಿತು ನುಡಿಸುತ್ತಾರೆ, ಅದರಲ್ಲಿ ಅವರ ಚುರುಕು ದೊಡ್ಡದು. ಆದರೆ ಕೇಳಿ ಕಲಿತ ಬ್ಯಾಂಡಿನಲ್ಲಿ ಎಲ್ಲರೂ ರಾಗವನ್ನೇ ನುಡಿಸಲು ಹೋಗುತ್ತಾರೆ, ನಡುವಿನ ಸ್ವರಗಳು ಖಾಲಿ ಉಳಿಯುತ್ತವೆ.

1910ರ ಕಾಲದ ಸಣ್ಣ ಬ್ಯಾಂಡಿನ ರೂಢಿಯ ಅಚ್ಚನ್ನು 22 ಜನಕ್ಕೆ ಹೊಂದಿಸಿದರೆ ಹೀಗಾಗುತ್ತದೆ: ಪಿಕೊಲೊ ಅಥವಾ ಕೊಳಲು 1, ಬಿ ಫ್ಲ್ಯಾಟ್ (ಬಿ ಸ್ವರಕ್ಕಿಂತ ಅರ್ಧಸ್ವರ ಕೆಳಗಿನದು) ಕ್ಲಾರಿನೆಟ್ 4, ಕಾರ್ನೆಟ್ 5, ಇ ಫ್ಲ್ಯಾಟ್ ಆಲ್ಟೊ ಹಾರ್ನ್ 3, ಟ್ರಾಂಬೋನ್ 3, ಯುಫೋನಿಯಂ (ಟ್ಯೂಬಾದ ಚಿಕ್ಕ ರೂಪ) 1, ಟ್ಯೂಬಾ (ಮಂದ್ರ ನುಡಿಯುವ ದೊಡ್ಡ ಹಿತ್ತಾಳೆ ವಾದ್ಯ) 2, ಸೈಡ್ ಡ್ರಮ್, ಬೇಸ್ ಡ್ರಮ್, ತಾಳ ಒಂದೊಂದು. ನಿಮ್ಮ ಇಪ್ಪತ್ತಕ್ಕೆ ಇಳಿಸಬೇಕಾದರೆ ಒಂದು ಕಾರ್ನೆಟ್, ಒಂದು ಕ್ಲಾರಿನೆಟ್ ತೆಗೆಯಿರಿ. ಟ್ಯೂಬಾ ತೆಗೆಯಬೇಡಿ. ಬಯಲಿನಲ್ಲಿ ಗೋಡೆ ಇರುವುದಿಲ್ಲ, ಮಂದ್ರದ ಸದ್ದು ಚದುರಿ ಹೋಗುತ್ತದೆ; ಒಂದೇ ಟ್ಯೂಬಾ ಇದ್ದರೆ ಆ ಹುಡುಗ ಉಸಿರು ತೆಗೆದುಕೊಂಡಾಗಲೆಲ್ಲ ಬ್ಯಾಂಡಿನ ಬುಡವೇ ಮಾಯವಾಗುತ್ತದೆ. ಇಬ್ಬರಿದ್ದರೆ ಬೇರೆ ಬೇರೆ ಕಡೆ ಉಸಿರೆಳೆಯಲು ಹೇಳಬಹುದು. ಹೊಸಬರು ಮಾಡುವ ಅತಿ ಸಾಮಾನ್ಯ ತಪ್ಪೆಂದರೆ ಹತ್ತು ಕಾರ್ನೆಟ್ಟು ಕೊಂಡು ಟ್ಯೂಬಾಕ್ಕೆ ದುಡ್ಡಿಲ್ಲ ಎನ್ನುವುದು. ಭಾರತದಲ್ಲಿ ಹಿತ್ತಾಳೆ ವಾದ್ಯ ತಯಾರಿಕೆಯ ಹಳೆಯ ಕೇಂದ್ರ ಮೀರತ್. ಕೊಳ್ಳುವಾಗ ಪ್ರತಿ ವಾಲ್ವನ್ನೂ (ಬೆರಳಲ್ಲಿ ಒತ್ತುವ ಗುಂಡಿ) ಒತ್ತಿಬಿಟ್ಟು, ಸ್ಲೈಡುಗಳೆಲ್ಲ (ಎಳೆದು ಉದ್ದ ಮಾಡುವ ಕೊಳವೆಗಳು) ಕೈಯಿಂದಲೇ ಹೊರಬರುತ್ತವೆಯೇ ನೋಡಿ. ಅಂಟಿಕೊಂಡ ಸ್ಲೈಡಿನ ವಾದ್ಯವನ್ನು ಅಗ್ಗಕ್ಕೆ ಕೊಟ್ಟರೂ ಬೇಡ.

ಯಾವ ಮಗುವಿಗೆ ಯಾವುದು? ಮುಂದಿನ ಹಾಲುಹಲ್ಲು ಬಿದ್ದು ಕಾಯಂ ಹಲ್ಲು ಬರುವ ಮೊದಲು ಹಿತ್ತಾಳೆ ವಾದ್ಯ ಕೊಡಬಾರದು. ಹತ್ತು ವರ್ಷದ ಮಕ್ಕಳಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಟ್ರಂಪೆಟ್ಟಿಗಿಂತ ಕಾರ್ನೆಟ್ ಒಳ್ಳೆಯದು: ಕೊಳವೆಯ ಉದ್ದ ಎರಡಕ್ಕೂ ಒಂದೇ, ಆದರೆ ಕಾರ್ನೆಟ್ಟಿನಲ್ಲಿ ಇನ್ನಷ್ಟು ಸುತ್ತಿರುವುದರಿಂದ ಭಾರ ಮುಖದ ಹತ್ತಿರ ಬೀಳುತ್ತದೆ, ಚಿಕ್ಕ ತೋಳು ಸೋಲುವುದಿಲ್ಲ. ಹತ್ತರ ಮಗುವಿಗೆ ಟ್ರಾಂಬೋನ್ ಕೊಟ್ಟರೆ ಬಿ ಫ್ಲ್ಯಾಟ್ ಶ್ರುತಿಯ ಎರಡನೇ ಸ್ವರಕ್ಕೇ ಸ್ಲೈಡನ್ನು ಆರನೇ ಸ್ಥಾನಕ್ಕೆ ಚಾಚಬೇಕು, ಕೈ ಎಟುಕುವುದಿಲ್ಲ. ಅಂಥವರಿಗೆ ಎರಡು ವರ್ಷ ಯುಫೋನಿಯಂ ಕೊಡಿ. ಮೌತ್‌ಪೀಸಿನ ಅಳತೆ ಹತ್ತಿರ ಹತ್ತಿರ, ಆಮೇಲೆ ಟ್ರಾಂಬೋನಿಗೆ ಹೋಗುವುದು ಸುಲಭ.

ಪೀಟರ್ ಡೇವಿಸರ ಕ್ರಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಎಲ್ಲ ಮಕ್ಕಳೂ ಮೊದಲ ದಿನವೇ ಕಾರ್ನೆಟ್ ಕೇಳುತ್ತಾರೆ. ಮೊದಲು ತಾಳವಾದ್ಯ ಕೊಟ್ಟು ಕಾಲಪ್ರಮಾಣ ಕೂರಿಸಿ, ಆಮೇಲೆ ಆಲ್ಟೊ ಹಾರ್ನ್. ಆಲ್ಟೊ ಹಾರ್ನಿನ ಮೌತ್‌ಪೀಸ್ ಸ್ವಲ್ಪ ದೊಡ್ಡದು, ಸ್ವರಗಳು ನಡುಸ್ಥಾಯಿಯವು, ತುಟಿ ಬೇಗ ದಣಿಯುವುದಿಲ್ಲ. ಮಾರ್ಚಿನಲ್ಲಿ, ಅಂದರೆ ಹೆಜ್ಜೆ ಹಾಕಿ ನಡೆಯಲು ನುಡಿಸುವ ಸಂಗೀತದಲ್ಲಿ, ಅದರ ಕೆಲಸ ಪೆಟ್ಟಿಗೂ ಪೆಟ್ಟಿಗೂ ನಡುವಿನ ಜಾಗ ತುಂಬುವುದು. ಟ್ಯೂಬಾ ‘ಧುಂ’ ಎಂದರೆ ಇದು ‘ಚಕ್’. ಬೇಸರದ ಪಾರ್ಟು, ನಿಜ. ಆದರೆ ಅಲ್ಲಿ ಒಂದು ವರ್ಷ ಕಳೆದ ಮಗುವಿನ ಲಯ ಮತ್ತೆ ಕೆಡುವುದಿಲ್ಲ. ತಪ್ಪಾಗುವುದು ಒಂದೇ: ಆಲ್ಟೊದವರು ಲಯ ಬಿಟ್ಟು ಮುಂದೋಡುತ್ತಾರೆ. ಅವರು ಟ್ಯೂಬಾ ಕೇಳದೆ ಕಾರ್ನೆಟ್ ಕೇಳುತ್ತಿರುತ್ತಾರೆ. ಟ್ಯೂಬಾದ ಪಕ್ಕದಲ್ಲೇ ಕೂರಿಸಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಮೊದಲ ಎರಡು ವಾರ ಹಿತ್ತಾಳೆಯವರಿಗೆ ಮೌತ್‌ಪೀಸ್ ಮಾತ್ರ ಸಾಕು. ಐದು ನಿಮಿಷ ತುಟಿ ಕಂಪಿಸಿ ಐದು ನಿಮಿಷ ಬಿಡುವು, ಇದನ್ನು ಮೂರು ಸಲ. ಮೂರನೇ ವಾರದಿಂದ ಎಂಟನೇ ವಾರದವರೆಗೆ ಐದೇ ಸ್ವರ, ಒಂದೊಂದನ್ನೂ ಎಂಟು ಪೆಟ್ಟು ಎಳೆಯುವುದು. ಬಿ ಫ್ಲ್ಯಾಟ್‌ನ್ನು ಷಡ್ಜವಾಗಿ ಇಟ್ಟುಕೊಳ್ಳಿ: ಕಾರ್ನೆಟ್ಟು, ಕ್ಲಾರಿನೆಟ್ಟಿನವರು ತಮ್ಮ ಕಾಗದದಲ್ಲಿ ಸಿ ಡಿ ಇ ಎಫ್ ಜಿ ಓದುತ್ತಾರೆ, ಆಲ್ಟೊದವರು ಅದನ್ನೇ ಜಿ ಎ ಬಿ ಸಿ ಡಿ ಎಂದು ಓದುತ್ತಾರೆ. ಇದನ್ನು ಮಕ್ಕಳಿಗೆ ಮೊದಲೇ ಹೇಳದಿದ್ದರೆ ‘ಸಿ ಹಿಡಿಯಿರಿ’ ಎಂದಾಗ ಇಪ್ಪತ್ತು ಜನರಿಂದ ಮೂರು ಸ್ವರ ಹೊರಡುತ್ತದೆ. ‘ಬ್ಯಾಂಡಿನ ಬಿ ಫ್ಲ್ಯಾಟ್’ ಎಂದು ಹೇಳುವ ಅಭ್ಯಾಸ ನಿಮಗೂ ಆಗಬೇಕು. ಮೂರನೇ ತಿಂಗಳಿನಿಂದ ನಾಲ್ಕು ಧ್ವನಿಯ ನಿಧಾನದ ತುಣುಕುಗಳು, ಆರನೇ ತಿಂಗಳಲ್ಲಿ ಒಂದು ಮಾರ್ಚಿನ ಟ್ರಿಯೊ (ಕೊನೆಯ) ಭಾಗ ಮಾತ್ರ. ಮೊದಲ ಸಾರ್ವಜನಿಕ ಕಾರ್ಯಕ್ರಮ ಹದಿನೈದು ನಿಮಿಷ ಮೀರಬಾರದು. ಇನ್ನೂ ಹಣ್ಣಾಗದ ತುಟಿ ಅಷ್ಟೇ ಹೊತ್ತು ತಾಳುವುದು. ಅದರಾಚೆ ಸ್ವರ ಏರಿಸಲು ಮಕ್ಕಳು ಮೌತ್‌ಪೀಸನ್ನು ಹಲ್ಲಿಗೆ ಒತ್ತುತ್ತಾರೆ, ಆ ಚಟ ಒಮ್ಮೆ ಹತ್ತಿದರೆ ಬಿಡಿಸಲು ವರ್ಷ ಬೇಕು.

ಮಾರ್ಚಿನ ಕಟ್ಟಡವನ್ನು ಒಮ್ಮೆ ಬಿಡಿಸಿ ನೋಡಬೇಕು, ಆಡಮ್ಸ್ ಬರೆದ ಬಗೆಯೂ ಅದೇ. ಅವರ ಆದರ್ಶ ಅಮೆರಿಕದ ಹೆಸರಾಂತ ಮಾರ್ಚ್ ರಚನಕಾರ ಜಾನ್ ಫಿಲಿಪ್ ಸೂಸಾ. ಸಾಮಾನ್ಯವಾಗಿ ನಾಲ್ಕು ಬಾರಿನ (ಬಾರ್ ಎಂದರೆ ಇಲ್ಲಿ ಎರಡು ಹೆಜ್ಜೆಯ ಅಳತೆ) ಪೀಠಿಕೆ, ಹದಿನಾರು ಬಾರಿನ ಮೊದಲ ಭಾಗ ಎರಡು ಸಲ, ಹದಿನಾರರ ಎರಡನೇ ಭಾಗ ಎರಡು ಸಲ, ಆಮೇಲೆ ಟ್ರಿಯೊ. ಟ್ರಿಯೊಗೆ ಬಂದಾಗ ಷಡ್ಜ ಬದಲಾಗುತ್ತದೆ, ಅದುವರೆಗಿನ ಮಧ್ಯಮವೇ ಈಗ ಷಡ್ಜ. ಕಚೇರಿಯ ಕೊನೆಯಲ್ಲಿ ಮಧ್ಯಮ ಶ್ರುತಿಗೆ ಹೋದಾಗ ಹಾಡಿಕೆ ಸಡಿಲವಾಗಿ ಹಗುರಾಗುವುದನ್ನು ಕೇಳಿದ್ದೀರಲ್ಲ, ಪರಿಣಾಮ ಅದೇ ಜಾತಿಯದು. ದಸರಾ ಸಮಯದಲ್ಲಿ ಮೈಸೂರಿನಲ್ಲಿ ಪೊಲೀಸ್ ಬ್ಯಾಂಡ್ ಕೇಳುವಾಗ ಈ ತಿರುವಿಗೆ ಕಿವಿಗೊಟ್ಟು ನೋಡಿ. ಮಿನಿಟಿಗೆ 120 ಹೆಜ್ಜೆಯ ನಡೆಯಲ್ಲಿ ಹದಿನಾರು ಬಾರಿಗೆ 32 ಹೆಜ್ಜೆ, ಅಂದರೆ 16 ಸೆಕೆಂಡು. ಸೈನಿಕರ 30 ಅಂಗುಲದ ಹೆಜ್ಜೆಗೆ ಅಷ್ಟರಲ್ಲಿ ಸುಮಾರು 24 ಮೀಟರ್ ಸಾಗುತ್ತದೆ. ಮಕ್ಕಳ ಹೆಜ್ಜೆ ಚಿಕ್ಕದು. 24 ಅಂಗುಲ ಇಟ್ಟುಕೊಂಡು ಬೀದಿಯ ಅಳತೆ ತೆಗೆದರೆ ಎಲ್ಲಿ ಯಾವ ಭಾಗ ಬರುತ್ತದೆಂದು ಮೊದಲೇ ಲೆಕ್ಕ ಹಾಕಬಹುದು. ವೇಷಧಾರಿಯಂತೆ ಬೀದಿಯ ತಿರುವಿನಲ್ಲಿ ಟ್ರಿಯೊ ಹೊರಬರುವ ಹಾಗೆ ಹೊಂದಿಸುವುದು ಬ್ಯಾಂಡ್‌ಮಾಸ್ಟರ್‌ಗಳ ಹಳೆಯ ಚಾಲಾಕಿ.

ಪಿಕೊಲೊದ ಒಂದು ಗುಟ್ಟನ್ನೂ ಹೇಳಬೇಕು. ಆ ಕಾಲದ ಬ್ಯಾಂಡಿನ ಪಿಕೊಲೊ ಡಿ ಫ್ಲ್ಯಾಟ್‌ನಲ್ಲಿರುತ್ತಿತ್ತು. ಹಿತ್ತಾಳೆ ವಾದ್ಯಗಳಿಗೆ ಫ್ಲ್ಯಾಟ್ ಶ್ರುತಿಗಳು ಸಲೀಸು, ಕೊಳಲಿಗೆ ಕಷ್ಟ. ಮಾರ್ಚು ಎ ಫ್ಲ್ಯಾಟ್‌ನಲ್ಲಿದ್ದು ಟ್ರಿಯೊ ಡಿ ಫ್ಲ್ಯಾಟ್‌ಗೆ ಹೋಯಿತು ಎನ್ನಿ: ಮಾಮೂಲಿ ಕೊಳಲಿಗೆ ನಾಲ್ಕು, ಆಮೇಲೆ ಐದು ಫ್ಲ್ಯಾಟ್. ಡಿ ಫ್ಲ್ಯಾಟ್ ಪಿಕೊಲೊದ ಕಾಗದದಲ್ಲಿ ಅದು ಒಂದೇ ಶಾರ್ಪಿನ ಜಿ, ಟ್ರಿಯೊದಲ್ಲಿ ಬರೀ ಸಿ. ಹಳೆಯ ಪಾರ್ಟುಗಳನ್ನು ತರಿಸಿದರೆ ಇದನ್ನು ನೋಡಿಕೊಳ್ಳಿ. ಇಂದಿನ ಪಿಕೊಲೊಗಳು ಸಿ ಶ್ರುತಿಯವು, ಡಿ ಫ್ಲ್ಯಾಟ್ ಪಾರ್ಟನ್ನು ಹಾಗೇ ಕೊಟ್ಟರೆ ಇಡೀ ಕಾರ್ಯಕ್ರಮ ಅರ್ಧಸ್ವರ ಕೆಳಗೆ ಕೀರಲು ಕೇಳಬೇಕಾಗುತ್ತದೆ.

ಶ್ರುತಿಯ ತಕರಾರು ಇನ್ನೂ ದೊಡ್ಡದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ವಾದ್ಯಗಳು ಎರಡು ಶ್ರುತಿಯಲ್ಲಿ ಬರುತ್ತಿದ್ದವು: ‘ಲೋ ಪಿಚ್’ನಲ್ಲಿ ಎ ಸ್ವರ ಸೆಕೆಂಡಿಗೆ 440 ಕಂಪನದ ಸುತ್ತ, ‘ಹೈ ಪಿಚ್’ನಲ್ಲಿ 452ರ ಸುತ್ತ. ವ್ಯತ್ಯಾಸ ಹೆಚ್ಚುಕಡಿಮೆ ಅರ್ಧಸ್ವರದ ಅರ್ಧ. ಹಳೆಯ ವಾದ್ಯ ದಾನವಾಗಿ ಬಂದರೆ ನಿಮಗೂ ಈ ಸಮಸ್ಯೆ ಬರಬಹುದು. ಕಾರ್ನೆಟ್ಟಿನ ಕೊಳವೆ ಸುಮಾರು 137 ಸೆಂ.ಮೀ. ಅದನ್ನು 452ರಿಂದ 440ಕ್ಕೆ ಇಳಿಸಲು 3.7 ಸೆಂ.ಮೀ. ಉದ್ದ ಮಾಡಬೇಕು, ಸ್ಲೈಡಿಗೆ ಎರಡು ಕಾಲಿರುವುದರಿಂದ ಮುಖ್ಯ ಸ್ಲೈಡನ್ನು ಅದರ ಅರ್ಧದಷ್ಟು ಎಳೆಯಬೇಕು. ಬಹಳ ಜನ ಅಲ್ಲಿಗೇ ನಿಲ್ಲುತ್ತಾರೆ, ಆಮೇಲೆ ‘ವಾಲ್ವ್ ಒತ್ತಿದ ಸ್ವರ ಮಾತ್ರ ಏರುತ್ತಿದೆ’ ಎಂದು ತಲೆ ಕೆರೆದುಕೊಳ್ಳುತ್ತಾರೆ. ಮೊದಲನೇ ವಾಲ್ವಿನ ಸ್ಲೈಡನ್ನು 2 ಮಿ.ಮೀ.ಗೂ ತುಸು ಹೆಚ್ಚು, ಮೂರನೆಯದನ್ನು ಮೂರೂವರೆ ಮಿ.ಮೀ. ಎಳೆದರೆ ಸರಿಹೋಗುತ್ತದೆ. ಹೈ ಪಿಚ್ ಕ್ಲಾರಿನೆಟ್ಟಿಗೆ ಮದ್ದಿಲ್ಲ. ಬ್ಯಾರೆಲ್ (ಊದುವ ತುದಿಯ ಕೆಳಗಿನ ತುಂಡು) ಎಳೆದರೆ ಮೇಲಿನ ತೂತುಗಳ ಸ್ವರ ಹೆಚ್ಚು ಇಳಿಯುತ್ತದೆ, ಕೆಳಗಿನವು ಕಡಿಮೆ ಇಳಿಯುತ್ತವೆ, ವಾದ್ಯ ತನಗೆ ತಾನೇ ಅಪಶ್ರುತಿಯಾಗುತ್ತದೆ. ಗೋಡೆಗೆ ತೂಗುಹಾಕಿ.

ಸೆಖೆಯೂ ಸೇರಿಕೊಳ್ಳುತ್ತದೆ. 20 ಡಿಗ್ರಿಯಲ್ಲಿ 440 ಇದ್ದದ್ದು 30 ಡಿಗ್ರಿಯಲ್ಲಿ ಲೆಕ್ಕದ ಪ್ರಕಾರ 447ಕ್ಕೆ ಏರುತ್ತದೆ. ಉಸಿರು ಹೇಗೂ ಬೆಚ್ಚಗಿರುವುದರಿಂದ ಸಣ್ಣ ವಾದ್ಯದಲ್ಲಿ ಏರಿಕೆ ಕಡಿಮೆ, ಟ್ಯೂಬಾದಲ್ಲಿ ಜಾಸ್ತಿ. ಆದ್ದರಿಂದ ಕೋಣೆಯಲ್ಲಿ ಶ್ರುತಿ ಮಾಡಿ ಬಿಸಿಲಿಗೆ ಬರಬೇಡಿ. ಎಲ್ಲಿ ನುಡಿಸುತ್ತೀರೋ ಅಲ್ಲಿ ಹತ್ತು ನಿಮಿಷ ಊದಿ, ಆಮೇಲೆ ಟ್ಯೂಬಾಕ್ಕೆ ಉಳಿದವರು ಹೊಂದಿಕೊಳ್ಳಲಿ. ಕಡಲತೀರದ ಗಾಳಿಯಲ್ಲಿ ಕ್ಲಾರಿನೆಟ್ಟಿನ ರೀಡುಗಳು (ಊದಿದಾಗ ಕಂಪಿಸುವ ತೆಳು ಪಟ್ಟಿಗಳು) ಬೂಷ್ಟು ಹಿಡಿಯುತ್ತವೆ. ಒರೆಸಿ, ಗಾಜಿನ ತುಂಡಿನ ಮೇಲೆ ಮಲಗಿಸಿ ಒಣಗಿಸಿ. ಮೌತ್‌ಪೀಸ್ ಸಿಕ್ಕಿಕೊಂಡರೆ ಇಕ್ಕಳ ಹಾಕಿ ತಿರುಚಬೇಡಿ, ಕೊಳವೆಯ ಬೆಸುಗೆ ಕಿತ್ತುಬರುತ್ತದೆ. ಸಿಹಿ ಪಾನೀಯ ಕುಡಿದ ಬಾಯಲ್ಲಿ ಊದಿದರೆ ಮಾರನೇ ದಿನ ವಾಲ್ವ್ ಮೇಲೇಳುವುದಿಲ್ಲ. ಈ ಒಂದು ನಿಯಮ ಹಾಕಿದರೆ ರಿಪೇರಿಯ ಖರ್ಚು ಎಷ್ಟೋ ಇಳಿಯುತ್ತದೆ.

ಮತ್ತೆ ಆಡಮ್ಸ್ ಅವರ ಕಡೆಗೆ. ನೌಕಾಪಡೆಯಲ್ಲಿದ್ದುಕೊಂಡೇ ಅವರು ದ್ವೀಪದ ಸಾರ್ವಜನಿಕ ಶಾಲೆಗಳಲ್ಲಿ ಸಂಗೀತ ಶಿಕ್ಷಣಕ್ಕೆ ಅಡಿಪಾಯ ಹಾಕಿದರು. ನಮ್ಮ ಎಣಿಕೆಯಲ್ಲಿ ಅವರ ಸಾಧನೆಗಳಲ್ಲಿ ಇದು ಮೇಲಿನದು, ಕಡಿಮೆ ಹೇಳಲಾಗುವುದೂ ಇದೇ. ಅವರು ರಚಿಸಿದ ಮಾರ್ಚುಗಳಲ್ಲಿ ‘ಗವರ್ನರ್ಸ್ ಓನ್’ 1921ರದ್ದು, ‘ಸ್ಪಿರಿಟ್ ಆಫ್ ದ ಯು.ಎಸ್.ಎನ್.’ 1924ರದ್ದು. ‘ವರ್ಜಿನ್ ಐಲೆಂಡ್ಸ್ ಮಾರ್ಚ್’ ಇಂದು ಆ ದ್ವೀಪಗಳ ಅಧಿಕೃತ ಗೀತೆ. 1924ರಲ್ಲಿ ಬ್ಯಾಂಡು ಅಮೆರಿಕದ ಪೂರ್ವ ಕರಾವಳಿಯ ಪ್ರವಾಸ ಮಾಡಿತು, ವಾಷಿಂಗ್ಟನ್, ನ್ಯೂಯಾರ್ಕ್‌ಗಳಲ್ಲಿ ನುಡಿಸಿತು. ಆ ಸಮವಸ್ತ್ರದೊಳಗಿದ್ದವರಿಗೆ ಆಗ ಅಮೆರಿಕದ ಪೂರ್ಣ ಪೌರತ್ವವೇ ಇರಲಿಲ್ಲ, ದ್ವೀಪದವರಿಗೆ ಅದು ಕಾನೂನಾಗಿ ಸಿಕ್ಕಿದ್ದು 1927ರಲ್ಲಿ.

ಇಲ್ಲಿ ಹೊಗಳಿಕೆಗೆ ಸ್ವಲ್ಪ ಕಡಿವಾಣ ಹಾಕಬೇಕು. ಬ್ಯಾಂಡು ನೌಕಾಪಡೆಯದಾದಾಗ ಹುಡುಗರಿಗೆ ಸಂಬಳ ಬಂತು, ವಾದ್ಯ ಬಂತು, ಗೌರವ ಬಂತು. ಬ್ಯಾಂಡು ಎಲ್ಲಿರಬೇಕೆಂಬ ತೀರ್ಮಾನ ಮಾತ್ರ ಊರಿನ ಕೈತಪ್ಪಿತು. 1931ರಲ್ಲಿ ನೌಕಾಪಡೆಯ ಆಡಳಿತ ಮುಗಿದು ನಾಗರಿಕ ಆಡಳಿತ ಬಂದಾಗ ಬ್ಯಾಂಡನ್ನು ಕ್ಯೂಬಾದ ಗ್ವಾಂಟನಾಮೊ ನೆಲೆಗೆ ಎತ್ತಿಕೊಂಡು ಹೋದರು. ಊರಿನವರು ತಮ್ಮದೆಂದುಕೊಂಡಿದ್ದ ಬ್ಯಾಂಡಿನ ಬಗ್ಗೆ ಊರನ್ನು ಯಾರೂ ಕೇಳಬೇಕಾಗಿರಲಿಲ್ಲ. ಯಾವುದಾದರೂ ಟ್ರಸ್ಟು, ಕಾರ್ಖಾನೆ, ರಾಜಕಾರಣಿ ನಿಮ್ಮ ಬ್ಯಾಂಡನ್ನು ದತ್ತು ತೆಗೆದುಕೊಳ್ಳುತ್ತೇವೆಂದು ಬಂದ ದಿನ ಇದನ್ನು ನೆನೆಯಿರಿ. ಕಾರ್ಯಕ್ರಮಕ್ಕೆ ಸಂಭಾವನೆ ತೆಗೆದುಕೊಳ್ಳಿ, ಸಮವಸ್ತ್ರ ಹೊಲಿಸಿಕೊಡಲಿ. ವಾದ್ಯಗಳ ಒಡೆತನ, ನೊಟೇಶನ್ ಪುಸ್ತಕಗಳ ಒಡೆತನ, ಹೆಸರಿನ ಒಡೆತನ ಮಕ್ಕಳ ಪಾಲಕರಿರುವ ಸಂಘದ ಹೆಸರಲ್ಲೇ ನೋಂದಣಿಯಾಗಿರಲಿ. ವಾದ್ಯದ ಮೇಲಿನ ಕ್ರಮಸಂಖ್ಯೆ, ಯಾವ ಮಗುವಿನ ಬಳಿ ಇದೆ, ಯಾವ ದಿನ ಕೊಟ್ಟದ್ದು, ಇಷ್ಟನ್ನು ಒಂದು ರಿಜಿಸ್ಟರಿನಲ್ಲಿ ಬರೆದು ಪಾಲಕರ ಸಹಿ ಹಾಕಿಸಿ.

ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ನಿವೃತ್ತರಾಗಿದ್ದ ಆಡಮ್ಸ್ ಅವರನ್ನು ಮತ್ತೆ ಗ್ವಾಂಟನಾಮೊಗೆ ಕರೆಸಿದರು. ಅಲ್ಲಿದ್ದುದು ಬಿಳಿಯರದೇ ಬ್ಯಾಂಡ್. ಅವರು ತಮ್ಮ ಹಳೆಯ ವಾದಕರಲ್ಲಿ ಕೆಲವರನ್ನು ಕೇಳಿ ಕರೆಸಿಕೊಂಡರು, ಹೀಗೆ ಕಪ್ಪು ಬಿಳಿ ವಾದಕರು ಒಟ್ಟಿಗೆ ಕೂತ ನೌಕಾಪಡೆಯ ಬ್ಯಾಂಡು ಉಂಟಾಯಿತು. ಸಂಶೋಧಕರು ಅದನ್ನು ಆ ಬಗೆಯ ಮೊದಲನೆಯದೆಂದು ಗುರುತಿಸುತ್ತಾರೆ. ಅಮೆರಿಕದ ಸೇನೆಯಲ್ಲಿ ಬಣ್ಣಭೇದ ಕೊನೆಗಾಣಿಸುವ ಅಧ್ಯಕ್ಷರ ಆದೇಶ ಬಂದದ್ದು 1948ರಲ್ಲಿ. ಯುದ್ಧದ ನಂತರ ಆಡಮ್ಸ್ ಶಾರ್ಲಟ್ ಅಮಾಲಿಯದ ತಮ್ಮ ಮನೆಯನ್ನು ಅತಿಥಿಗೃಹ ಮಾಡಿದರು, ದ್ವೀಪದ ಹೋಟೆಲು ಸಂಘವನ್ನು ವರ್ಷಗಟ್ಟಲೆ ಮುನ್ನಡೆಸಿದರು, ಪತ್ರಿಕೆಗಳಿಗೆ ವರದಿ ಬರೆದರು. ಅವರ ನೆನಪುಗಳು ಮಾರ್ಕ್ ಕ್ಲೇಗ್ ಅವರ ಸಂಪಾದನೆಯಲ್ಲಿ 2008ರಲ್ಲಿ ಪುಸ್ತಕವಾಗಿ ಬಂದವು.

ಸಂಗೀತ ಮಾತ್ರ ಎಲ್ಲವೂ ಉಳಿಯಲಿಲ್ಲ. 1932ರಲ್ಲಿ ಮನೆಗೆ ಬಿದ್ದ ಬೆಂಕಿಯಲ್ಲಿ ಅವರ ಹಸ್ತಪ್ರತಿಗಳು ಸುಟ್ಟುಹೋದವು. ಇಂದು ಅವರ ಹೆಸರಿನಲ್ಲಿ ಕೇಳಸಿಗುವ ಮಾರ್ಚುಗಳು ಕೆಲವೇ. ನಿಮ್ಮ ಬ್ಯಾಂಡಿಗೆ ಯಾರಾದರೂ ಹೊಸದಾಗಿ ಏನನ್ನಾದರೂ ಬರೆದುಕೊಟ್ಟರೆ, ಒಂದು ಪುರಂದರದಾಸರ ಪದವನ್ನು ನಾಲ್ಕು ಧ್ವನಿಗೆ ಹೊಂದಿಸಿದರೂ ಸರಿ, ಪೂರ್ತಿ ಸ್ಕೋರು ಒಬ್ಬರ ಮನೆಯಲ್ಲಿ, ಬಿಡಿ ಪಾರ್ಟುಗಳು ಇನ್ನೊಬ್ಬರ ಮನೆಯಲ್ಲಿ ಇರಲಿ. ಎರಡನ್ನೂ ಸ್ಕ್ಯಾನ್ ಮಾಡಿಸಿ. ಮೆರವಣಿಗೆಗೆ ವಾದ್ಯಕ್ಕೆ ಸಿಕ್ಕಿಸುವ ಪ್ರತಿ ಸುಮಾರು 17 ಸೆಂ.ಮೀ. ಅಗಲ, 13 ಸೆಂ.ಮೀ. ಎತ್ತರ ಇರಬೇಕು. ಅದು ಮಳೆಗೆ ನೆನೆಯುವ ಪ್ರತಿ, ಕಳೆದುಹೋಗುವ ಪ್ರತಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.